ತುಟಿ ನೋಡಿ ಡ್ಯೂಟಿ ಹಾಕುವವರಿಗೆ

ಬಸ್ ಘಟಕದಲ್ಲಿ ಕುಳಿತು ಯಾರಿಗೆ ಯಾವ ಡ್ಯೂಟಿ ಎಂದು ತೀರ್ಮಾನಿಸುವ ಮಾನ್ಯರೇ,

ನಾಲ್ಕು ವರ್ಷದ ಮಗಳಿದ್ದಾಳೆ, ರಾತ್ರಿ ಹಳ್ಳಿಯಲ್ಲಿ ತಂಗುವ ಹಾಲ್ಟ್ ಗಾಡಿ ಬೇಡ, ಹಗಲು ಡ್ಯೂಟಿ ಕೊಡಿ ಎಂದು ನಾನು ಕೊಟ್ಟ ಅರ್ಜಿಯನ್ನು ತಾವು ಮೊದಲ ಸಲ ತಿರಸ್ಕರಿಸಿದಿರಿ, ಎರಡನೇ ಸಲ ಮಂಜೂರು ಮಾಡಿದಿರಿ. ತಾರೀಖು ಬಿಟ್ಟರೆ ಎರಡು ಅರ್ಜಿಗಳಲ್ಲಿ ಒಂದಕ್ಷರವೂ ಬೇರೆ ಇರಲಿಲ್ಲ. ಬೇರೆಯಾಗಿದ್ದದ್ದು ನನ್ನ ತುಟಿ. ಮೊದಲ ಸಲ ಬಣ್ಣವಿತ್ತು, ಎರಡನೇ ಸಲ ಇರಲಿಲ್ಲ. ಕೆಲಸ ಆಯಿತಲ್ಲ, ಇನ್ನೇನು ತಕರಾರು ಎಂದು ತಾವು ಕೇಳಬಹುದು. ಕಳೆದ ವಾರದವರೆಗೆ ನನಗೂ ಹಾಗೇ ಅನಿಸಿತ್ತು.

ನಾನು ಶಹಾಬಾದಿನಿಂದ ವಾಡಿ, ಚಿತ್ತಾಪುರದ ಮೇಲೆ ಸೇಡಂಗೆ ಹೋಗುವ ಬಸ್ಸಿನ ನಿರ್ವಾಹಕಿ. ಒಂಬತ್ತು ವರ್ಷವಾಯಿತು. ಹೆಂಗಸರಿಗೆ ಉಚಿತ ಪ್ರಯಾಣ ಬಂದ ಮೇಲೆ ದಿನಕ್ಕೆ ಇನ್ನೂರು ಆಧಾರ್ ಕಾರ್ಡಾದರೂ ನೋಡುತ್ತೇನೆ. ಒಬ್ಬಳ ಮುಖವೂ ಅವಳ ಫೋಟೋದಂತಿರುವುದಿಲ್ಲ. ಫೋಟೋದಲ್ಲಿದ್ದ ಹುಡುಗಿ ಎಲ್ಲಿ ಹೋದಳು ಎಂದು ನಾನು ಯಾರನ್ನೂ ಕೇಳಿಲ್ಲ. ಟಿಕೆಟ್ ಹರಿದು ಕೊಟ್ಟು ಮುಂದಿನ ಸೀಟಿಗೆ ಹೋಗುತ್ತೇನೆ.

ತಮ್ಮನ್ನು ಅಷ್ಟು ಕಾಡಿದ ಆ ಲಿಪ್‌ಸ್ಟಿಕ್ಕಿನ ಚರಿತ್ರೆಯನ್ನೂ ಹೇಳಿಬಿಡುತ್ತೇನೆ. ಹೆರಿಗೆ ರಜೆ ಮುಗಿಸಿ ಡ್ಯೂಟಿಗೆ ಮರಳಿದ ವಾರ. ಚಿತ್ತಾಪುರ ದಾಟುವಾಗ ಎದೆಹಾಲು ಸೋರಿ ಖಾಕಿ ಅಂಗಿ ಒದ್ದೆಯಾಯಿತು. ಟಿಕೆಟ್ ಮಷಿನ್ ಅಡ್ಡ ಹಿಡಿದೆ, ಚೀಲ ಅಡ್ಡ ಹಿಡಿದೆ, ಎರಡೂ ಸಾಲಲಿಲ್ಲ. ವಾಡಿಯಲ್ಲಿ ಬಳೆ, ಬಿಂದಿಯ ಅಂಗಡಿ ಇಟ್ಟಿರುವ ರುಕ್ಸಾರ್ ಅಂದು ನನ್ನ ಬಸ್ಸಿನಲ್ಲಿದ್ದಳು. ಎದ್ದು ಬಂದು ತನ್ನ ದುಪಟ್ಟಾ ನನ್ನ ಹೆಗಲಿಗೆ ಹಾಕಿದಳು. ಮರುದಿನ ಅದನ್ನು ಒಗೆದು ವಾಪಸ್ ಕೊಡಲು ಅಂಗಡಿಗೆ ಹೋದರೆ ಇಟ್ಟಿಗೆ ಬಣ್ಣದ ಒಂದು ಲಿಪ್‌ಸ್ಟಿಕ್ ಕೈಗಿಟ್ಟಳು. "ಇದು ಹಚ್ಕೋರಿ ಮೇಡಂ. ಮಂದಿ ಮಾರಿ ನೋಡ್ತಾರ, ಅಂಗಿ ಕಡಿ ನೋಡಂಗಿಲ್ಲ" ಅಂದಳು.

ಅಂದಿನಿಂದ ಗಾಡಿ ಬಿಡುವ ಮುಂಚೆ ಚಾಲಕರ ಕನ್ನಡಿಯಲ್ಲಿ ನೋಡಿಕೊಂಡು ಹಚ್ಚಿಕೊಳ್ಳುತ್ತಿದ್ದೆ. ಅರ್ಧ ನಿಮಿಷ ಸಾಕು. ನಾಲ್ಕೂವರೆಗೆ ಎದ್ದು ರೊಟ್ಟಿ ಬಡಿದು, ನೀರು ಹಿಡಿದು, ಮಗುವಿನ ಬಟ್ಟೆ ಒಗೆದು ಹಾಕಿ ಬಂದವಳಿಗೆ ಇಡೀ ದಿನದಲ್ಲಿ ತನ್ನದೆಂದು ಸಿಗುವುದು ಆ ಅರ್ಧ ನಿಮಿಷ. ಅದರಿಂದ ಭಾರಿ ಸಂತೋಷವಾಗುತ್ತಿತ್ತು ಎಂದು ಸುಳ್ಳು ಹೇಳುವುದಿಲ್ಲ. ಸಂತೋಷವಾಗಲಿ ದುಃಖವಾಗಲಿ ನನಗೀಗ ಅಷ್ಟಾಗಿ ತಟ್ಟುವುದಿಲ್ಲ. ಕನ್ನಡಿಯಲ್ಲಿ ಇರುವವಳು ಯಾರೆಂದು ಮಾತ್ರ ಗುರುತು ಸಿಗುತ್ತಿತ್ತು.

ಈ ಬೇಸಿಗೆಯಲ್ಲಿ ಸಿಬ್ಬಂದಿ ಕೊರತೆಯೆಂದು ತಾವು ನನ್ನನ್ನು ಚಿಂಚೋಳಿ ಕಡೆಯ ಹಾಲ್ಟ್ ಗಾಡಿಗೆ ಹಾಕಿದಿರಿ. ಸಂಜೆ ಹೋದವಳು ಮರುದಿನ ಹತ್ತಕ್ಕೆ ಮನೆ ಸೇರುವುದು. ವಾರಕ್ಕೆ ಮೂರು ಸಲ. ನನ್ನ ಗಂಡ ಅಜಯಕುಮಾರ ಕಾರ್ಖಾನೆಯಲ್ಲಿ ಗುತ್ತಿಗೆಯ ಕೆಲಸದಲ್ಲಿದ್ದಾರೆ, ವಾರ ಬಿಟ್ಟು ವಾರ ರಾತ್ರಿ ಪಾಳಿ. ನಾವಿಬ್ಬರೂ ಇಲ್ಲದ ದಿನ ಮಗಳು ಲುಂಬಿನಿ ಪಕ್ಕದ ಮನೆಯ ಭಾಗಮ್ಮನ ಬಳಿ ಮಲಗುತ್ತಿದ್ದಳು. ಮೊದಮೊದಲು ಅತ್ತು ಓಣಿಯನ್ನೇ ಒಂದು ಮಾಡುತ್ತಿದ್ದಳು. ಆಮೇಲೆ ನಾನು ಚೀಲ ಹೆಗಲಿಗೆ ಹಾಕಿದ ಕೂಡಲೇ ತಾನೇ ಹೊದಿಕೆ ಮಡಚಿ ಬಗಲಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಲ್ಲತೊಡಗಿದಳು. ಯಾವಾಗ ಬರುತ್ತೀ ಎಂದು ಕೇಳುವುದನ್ನೂ ಬಿಟ್ಟಳು. ಅದನ್ನು ನೋಡಿ ನನಗೆ ಹೆದರಿಕೆಯಾಯಿತು. ಅಂದೇ ಅರ್ಜಿ ಬರೆದೆ.

ಡ್ಯೂಟಿ ಇಳಿದವಳು ಸಮವಸ್ತ್ರದಲ್ಲೇ ತಮ್ಮ ಮೇಜಿನ ಮುಂದೆ ನಿಂತೆ. ತಾವು ಅರ್ಜಿಯನ್ನು ಒಂದು ಸಲ, ನನ್ನನ್ನು ಎರಡು ಸಲ ನೋಡಿದಿರಿ.

"ಮನ್ಯಾಗ ಭಾಳ ತ್ರಾಸ ಅದ ಅಂತ ಬರದೀರಿ. ತ್ರಾಸ ಇದ್ದಾಕಿಗಿ ಇಷ್ಟು ಶೃಂಗಾರ ಮಾಡ್ಕೊಳ್ಳಾಕ ಟೈಮ್ ಹ್ಯಾಂಗ ಸಿಗ್ತದರಿ?"

ತಾವು ಪಕ್ಕದವರ ಕಡೆ ತಿರುಗಿ, "ಹೊಟ್ಟಿಗಿ ಹಿಟ್ಟಿಲ್ಲಂದ್ರೂ ಜುಟ್ಟಿಗಿ ಮಲ್ಲಿಗಿ ಹೂ" ಅಂದಿರಿ. ಅವರು ನಕ್ಕರು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮೇಜಿನ ಮೇಲಿದ್ದ ತಮ್ಮ ಚಹಾದಲ್ಲಿ ಕೆನೆ ಕಟ್ಟುತ್ತಿರುವುದನ್ನು ನೋಡುತ್ತ ನಿಂತಿದ್ದೆ.

ಈಗ, ಇಷ್ಟು ತಡವಾಗಿ, ಕೆಲವು ಪ್ರಶ್ನೆಗಳು ಬರುತ್ತಿವೆ. ಮೀಸೆಗೆ ಬಣ್ಣ ಹಚ್ಚಿ, ತಂಪು ಕನ್ನಡಕ ಹಾಕಿಕೊಂಡು ಬರುವ ನಮ್ಮ ಗಂಡು ನಿರ್ವಾಹಕರಿಗೆ ಮನೆಯಲ್ಲಿ ತ್ರಾಸವೇ ಇಲ್ಲವೆಂದು ತಾವು ಎಂದಾದರೂ ಷರಾ ಬರೆದಿದ್ದೀರಾ? ನಿವೃತ್ತಿಗೆ ಎರಡು ವರ್ಷ ಉಳಿದಿರುವ ತಮ್ಮ ಕೂದಲು ಅಷ್ಟು ಕಪ್ಪಗಿರುವುದನ್ನು ನೋಡಿ, ಸಾಹೇಬರಿಗೆ ಕಚೇರಿಯಲ್ಲಿ ಕೆಲಸ ಕಡಿಮೆ ಎಂದು ನಾವು ಮೇಲಿನವರಿಗೆ ದೂರು ಕೊಟ್ಟಿದ್ದೇವೆಯೇ? ತಾಯಿಯ ಕಷ್ಟವನ್ನು ಅಳೆಯುವ ಮಾಪಕ ಅವಳ ತುಟಿಯಲ್ಲಿದೆ ಎಂಬ ಸುತ್ತೋಲೆ ಯಾವ ವರ್ಷ ಹೊರಟಿತು? ಅದರ ನಕಲು ನಮಗೆ ತಲುಪಿಲ್ಲ.

ಹೊರಗೆ ಬಂದಾಗ ತಮ್ಮ ಗುಮಾಸ್ತ ಭೀಮಶ್ಯಾ ಅವರು ಹಿಂದೆಯೇ ಬಂದರು. ಒಳ್ಳೆಯ ಮನುಷ್ಯ, ನನಗೆ ಒಳ್ಳೆಯದಾಗಲಿ ಎಂದೇ ಹೇಳಿದ್ದು. "ಅಳದ ಕೂಸಿಗಿ ಹಡದವ್ವನೂ ಹಾಲು ಕುಡಸಂಗಿಲ್ಲ ತಂಗಿ. ಎಂಟು ದಿನ ಬಿಟ್ಟು ಬಾ. ಆದ್ರ ಹಿಂಗ ಬರಬ್ಯಾಡ."

ಎಂಟು ದಿನ ಬಿಟ್ಟು, ವಾರದ ರಜೆಯಂದು ಹೋದೆ. ಭಾಗಮ್ಮ ನಾಲವಾರದ ಮಠಕ್ಕೆ ಹೋಗಿದ್ದರಿಂದ ಲುಂಬಿನಿಯೂ ಜೊತೆಗಿದ್ದಳು. ಬಣ್ಣ ಹೋದ ಸೀರೆ ಉಟ್ಟಿದ್ದೆ. ಅಭ್ಯಾಸಬಲದಿಂದ ಲಿಪ್‌ಸ್ಟಿಕ್ ಹಚ್ಚಿಬಿಟ್ಟಿದ್ದೆ ಎಂಬುದು ತಮ್ಮ ಕಚೇರಿಯ ಮೆಟ್ಟಿಲ ಹತ್ತಿರ ನೆನಪಾಯಿತು. ಸೆರಗಿನಿಂದ ಒರೆಸಿದೆ. ಜಡೆಯಿಂದ ನಾಲ್ಕು ಎಳೆ ಬಿಡಿಸಿ ಹಣೆಯ ಮೇಲೆ ಬಿಟ್ಟುಕೊಂಡೆ. ಬಿಂದಿ ತೆಗೆದು ಕಂಬಕ್ಕೆ ಅಂಟಿಸಿದೆ. ಮಗಳು ಪಕ್ಕದಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು.

ತಾವು ಅರ್ಜಿ ಓದಲೇ ಇಲ್ಲ. "ಈಗ ನೋಡ್ರಿ, ಮಕ್ಕಳ ತಾಯಿ ಹಂಗ ಕಾಣಸ್ತೀರಿ" ಎಂದು ಸಹಿ ಹಾಕಿದಿರಿ. ಮೂರು ತಿಂಗಳು ಹಗಲು ಡ್ಯೂಟಿ, ನಂತರ ಮರುಪರಿಶೀಲನೆ. ವಂದನೆ ಹೇಳಿ ಬಂದೆ. ಗೆದ್ದೆನೆಂದೂ ಅನಿಸಲಿಲ್ಲ, ಸೋತೆನೆಂದೂ ಅನಿಸಲಿಲ್ಲ.

ಮರುಪರಿಶೀಲನೆ ಇದೆಯಲ್ಲ, ಅದಕ್ಕೇ ಎರಡು ತಿಂಗಳಿಂದ ಸಾದಾ ಮುಖದಲ್ಲೇ ಗಾಡಿ ಹತ್ತುತ್ತಿದ್ದೇನೆ. ಯಾರಾದರೂ ತಮ್ಮ ಕಿವಿಗೆ ಹಾಕಿದರೆ ಎಂಬ ಅಂಜಿಕೆ. ರುಕ್ಸಾರ್ ಮೊನ್ನೆ "ಮೈಯಾಗ ಆರಾಮಿಲ್ಲೇನ್ರಿ ಮೇಡಂ?" ಎಂದು ಕೇಳಿದಳು. ಹೂಂ ಅಂದೆ. ಮಗಳು ದಿನಾ ರಾತ್ರಿ ನನ್ನ ಪಕ್ಕದಲ್ಲಿ ಮಲಗುತ್ತಾಳೆ, ಅದಕ್ಕಾಗಿ ಇಷ್ಟು ಬಿಟ್ಟರೆ ನಷ್ಟವೇನಿಲ್ಲ ಎಂದುಕೊಂಡಿದ್ದೆ.

ಕಳೆದ ಭಾನುವಾರ ಲುಂಬಿನಿಗೆ ನೀರೆರೆದು, ಎರಡು ಜಡೆ ಹಾಕಿ, ಬಿಂದಿ ಇಟ್ಟು, ಹಳದಿ ಫ್ರಾಕು ತೊಡಿಸಿ ಹೊರಗೆ ಕೂಡಿಸಿದ್ದೆ. ನಾನು ರೊಟ್ಟಿ ಬಡಿಯುತ್ತಿರುವಾಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಜಡೆ ಬಿಚ್ಚಿಹೋಗಿತ್ತು, ಕೂದಲು ಕೆದರಿತ್ತು, ಹಣೆಯಲ್ಲಿ ಬಿಂದಿ ಇರಲಿಲ್ಲ. ಬಿದ್ದಳೋ, ಯಾರಾದರೂ ಹೊಡೆದರೋ ಎಂದು ಎದ್ದೆ.

"ಏನಾತು, ಯಾರ ಹೊಡದ್ರು?"

"ಯಾರೂ ಹೊಡದಿಲ್ಲ. ಜೋಕಾಲಿ ಆಡಾಕ ಕರಕೊಂಡು ಹೋಗಂತ ಕೇಳಾಕ ಬಂದೀನಿ."

"ಅದಕ್ಕ ತಲಿ ಯಾಕ ಕೆದರಕೊಂಡಿ?"

"ಚಂದ ಇದ್ರ ಹೂಂ ಅನ್ನಂಗಿಲ್ಲಲ್ಲ ಅವ್ವ."

ರೊಟ್ಟಿ ಹಂಚಿನ ಮೇಲೆ ಸೀದು ಹೋಯಿತು. ಎರಡು ತಿಂಗಳಲ್ಲಿ ಮೊದಲ ಬಾರಿಗೆ ನನಗೆ ಅಳು ಬಂತು. ನನಗಾಗಿ ಅಲ್ಲ. ನಾನು ಮೂವತ್ತಾರಕ್ಕೆ ಕಲಿತದ್ದನ್ನು ಅವಳು ನಾಲ್ಕಕ್ಕೇ ಕಲಿತಳು, ಅದೂ ನನ್ನನ್ನು ನೋಡಿ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಮುಂದಿನ ತಿಂಗಳ ಮರುಪರಿಶೀಲನೆಗೆ ನಾನು ತುಟಿಗೆ ಬಣ್ಣ ಹಚ್ಚಿಕೊಂಡು, ಮಗಳ ತಲೆ ಬಾಚಿ, ಕೈಹಿಡಿದು ಕರೆದುಕೊಂಡು ಬರುತ್ತೇನೆ. ಹಗಲು ಡ್ಯೂಟಿ ಮುಂದುವರಿಸುವುದಾದರೆ ಅವಳ ವಯಸ್ಸು ನೋಡಿ ಮುಂದುವರಿಸಿ. ಇಲ್ಲವಾದರೆ ಕಾರಣವನ್ನು ಆದೇಶದಲ್ಲಿ ಸ್ಪಷ್ಟವಾಗಿ ಬರೆಯಿರಿ. ಬರೆದ ಮೇಲೆ ಆ ಸಾಲನ್ನು ಲುಂಬಿನಿಗೆ ತಾವೇ ಓದಿ ಹೇಳಿ, ನನ್ನಿಂದ ಆಗುವುದಿಲ್ಲ.

ಇಂತಿ,
ಮುಖ ಒರೆಸಿಕೊಂಡು ಬಂದದ್ದಕ್ಕೆ ತಾಯಿಯೆಂದು ಮಾನ್ಯತೆ ಪಡೆದ,
ತಮ್ಮ ಘಟಕದ ಒಬ್ಬ ನಿರ್ವಾಹಕಿ