ನೆಲ ಮುಟ್ಟದ ಭರ್ಜಿ

ಕಲ್ಲೋಳಿ, ಮಂಗಳವಾರ

ಹುಕ್ಕೇರಿಯ ತೀರ್ಪುಗಾರರಾದ ಖಾದರಬಾಷಾ ಸರ್ ಅವರಿಗೆ, ಬಾಳೇಶ ಅವರ ಹೆಂಡತಿ ಮಾಲಾ ಮಾಡುವ ನಮಸ್ಕಾರ.

ಮೂಡಲಗಿಯಲ್ಲಿ ನಡೆದ ಹತ್ತು ಆಟಗಳ ಡೆಕಾಥ್ಲಾನ್ ಪಂದ್ಯದಲ್ಲಿ ನಮ್ಮ ಮನೆಯವರು ಎಸೆದದ್ದು ಹಳೆಯ ಕಾಲದ ಭರ್ಜಿ. ಅಂಥವು ಗಾಳಿಯಲ್ಲಿ ತೇಲಿಹೋಗುತ್ತವೆಂದೇ ನಿಯಮ ಬದಲಿಸಿ, ಮೂತಿ ಭಾರದ ಹೊಸ ಭರ್ಜಿ ತಂದರಂತೆ. ಆದರೆ ಇವರ ಹಳೆಯ ಭರ್ಜಿಯ ತೂಕ ನೋಡಿ, "ನಡೆಯುತ್ತದೆ" ಎಂದವರು ನೀವೇ.

ಅದು ಮೇಲೇರಿದ್ದನ್ನು ಎಲ್ಲರೂ ಕಂಡರು, ಇಳಿದದ್ದನ್ನು ಯಾರೂ ಕಾಣಲಿಲ್ಲ. ಉಳಿದವರು ಕೊನೆಯ ಓಟ ಓಡಿ ಮನೆಗೆ ಹೋದರು. ಇವರು ಮಾತ್ರ ಇನ್ನೂ ಎಸೆಯುವ ಗೆರೆಯ ಹಿಂದೆಯೇ ನಿಂತಿದ್ದಾರೆ. ಕರೆದರೆ, "ಭರ್ಜಿ ನೆಲಾ ಮುಟ್ಟೂತನಕಾ ಜಾಗಾ ಬಿಡಾಕ ಬರೂದಿಲ್ಲ, ಬಿಟ್ರ ಫೌಲ್ ಆಕ್ಕೈತಿ" ಎನ್ನುತ್ತಾರೆ. ಗಡ್ಡ ಎದೆಗಿಳಿದಿದೆ. ರೊಟ್ಟಿ ನಾನೇ ಒಯ್ದು ಕೊಡುತ್ತೇನೆ.

ಬಿಸಿಲೇರಿದಾಗ ಮೈದಾನದ ಮೇಲೆ ಸಪೂರ ನೆರಳೊಂದು ಹಾಯುತ್ತದೆ. ತಲೆಯೆತ್ತಿದರೆ ಆಕಾಶ ಖಾಲಿ. ಮೊದಲು ಅದು ಮೈದಾನದ ಗೋಡೆಯಾಚೆ ಕಬ್ಬಿನ ಮೇಲಿತ್ತು. ಈಗ ತಿರುಗಿ ಇವರ ಕಡೆ ಬರುತ್ತಿದೆ.

ನೀವೊಮ್ಮೆ ಬಂದು ಕೆಂಪು ಬಾವುಟ ಎತ್ತಿಬಿಡಿ. ಫೌಲ್ ಎಂದು ನೀವು ಹೇಳಿದರೆ ಇವರು ಮನೆಗೆ ಬರುತ್ತಾರೆ.

ಬರುವಾಗ ಗೋಡೆಯ ಬದಿಯಿಂದಲೇ ಬನ್ನಿ, ಮೈದಾನದ ನಡುವೆ ಹಾಯಬೇಡಿ. ನಿನ್ನೆ ಆ ನೆರಳು ನನ್ನ ಸೆರಗಿನ ಮೇಲೆ ಹಾದುಹೋಯಿತು. ಮನೆಗೆ ಬಂದು ನೋಡಿದರೆ, ನೆರಳು ಹಾದಷ್ಟುದ್ದಕ್ಕೂ ಸೆರಗು ಸೀಳಿಹೋಗಿತ್ತು.

ನಿಮ್ಮ ದಾರಿ ನೋಡುವ,
ಮಾಲಾ