ಹಣೆಯ ಉಪ್ಪು

ಅಕ್ಕಾ,

ಇವತ್ತು ಅತ್ತೆ ಜೊತೆ ಹೋಗಿ ನನ್ನ ಮಗಳನ್ನು ಶಿವಮೊಗ್ಗದ ಡಾಕ್ಟರಿಗೆ ತೋರಿಸಿಕೊಂಡು ಬಂದೆ. ಬೆವರಲ್ಲಿ ಉಪ್ಪು ಹೆಚ್ಚಿದೆಯಂತೆ. ಉಪ್ಪು ದಾಟಿಸೋ ಪ್ರೋಟೀನೊಂದು ಜೀವಕೋಶದ ಹೊರಪೊರೆಯಲ್ಲಿ ಬಾಗಿಲಿನ ಹಾಗೆ ಕೂರಬೇಕಂತೆ. ಇವಳ ಕೋಶಗಳು ಆ ಪ್ರೋಟೀನನ್ನು ತಯಾರಿಸುತ್ತವಂತೆ. ಆದರೆ ಅದು ಸರಿಯಾಗಿ ಮಡಚಿಕೊಂಡಿಲ್ಲ ಅಂತ, ಪೊರೆ ಮುಟ್ಟೋ ಮೊದಲೇ ತಾವೇ ಒಡೆದುಹಾಕುತ್ತವಂತೆ.

‘ಮುತ್ತಿಟ್ಟರೆ ನನ್ನ ಮಗನ ಹಣೆ ಉಪ್ಪುಪ್ಪು ಕಣೇ’ ಅಂತ ನೀನು ಹೇಳಿದ್ದೆ. ‘ಬೆವರು ಸಿಹಿ ಇರುತ್ತಾ ಮಾರಾಯ್ತಿ’ ಅಂತ ನಾನು ನಕ್ಕಿದ್ದೆ. ಅವನಿಗೆ ವರ್ಷ ತುಂಬಲಿಲ್ಲ. ಹಾಲು ಕೊಡೋಕೆ ಬರದವಳು ಅಂತ ಅತ್ತೆ ಊರಿಗೆಲ್ಲ ಹೇಳಿದರು, ನಾನೂ ನಂಬಿದೆ. ನೀನೂ ತೀರಿಹೋದ ಮೇಲೆ ಅದೇ ಭದ್ರಾವತಿ ಮನೆಗೆ, ಭಾವನಿಗೇ ನನ್ನನ್ನು ಕೊಟ್ಟರು.

‘ಮನೆಯಲ್ಲಿ ಮೊದಲು ಯಾವುದಾದರೂ ಮಗು ಹೀಗೆ ತೀರಿಕೊಂಡಿತ್ತಾ?’ ಅಂತ ಡಾಕ್ಟರು ಕೇಳಿದರು. ಅತ್ತೆ ನನ್ನ ಮುಖ ನೋಡಿದರು.

‘ಇಲ್ಲ’ ಅಂದೆ.