ಅಳಿಯಂದಿರ ಪಾಲಿನ ನೆಟ್

ಜೇವರ್ಗಿ ಕಾಲೋನಿ, ಕಲಬುರಗಿ
ಭಾನುವಾರ, ೯ ನವೆಂಬರ್ ೨೦೨೫

ಪ್ರೀತಿಯ ಮಗಳು ಮಲ್ಲಿಕಾಳಿಗೆ ಅಪ್ಪನ ಆಶೀರ್ವಾದ.

ಹೇಗಿದ್ದೀಯವ್ವ? ಕೆಮ್ಮು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಆನ್‌ಲೈನ್ ಟ್ಯೂಷನ್ ಎಂದು ಬರೀ ಚಹಾದ ಮೇಲೆ ದಿನ ತಳ್ಳುತ್ತೀಯೋ? ನಾವಿಬ್ಬರೂ ಆರಾಮ. ನಿನ್ನ ಅವ್ವನ ಮೊಣಕಾಲು ನೋವು ಇದ್ದದ್ದೇ. ಅಂಗಳ ಗುಡಿಸಬೇಡ ಎಂದರೆ ನನ್ನ ಮೇಲೆ ಹರಿಹಾಯುತ್ತಾಳೆ. ಇಲ್ಲೇ ಇರುವ ಕಮಲಾಪುರಕ್ಕೆ ಪತ್ರವೇಕೆ ಎಂದು ನಗಬೇಡ. ಫೋನ್ ಮಾಡಿದರೆ ಅವಳು ಸ್ಪೀಕರ್ ಹಾಕಿಸದೆ ಬಿಡುವುದಿಲ್ಲ, ನನ್ನ ವಾಟ್ಸಾಪನ್ನು ನನಗಿಂತ ಮೊದಲು ಅವಳೇ ತೆರೆಯುತ್ತಾಳೆ. ಈ ಮಾತು ಸದ್ಯಕ್ಕೆ ನಮ್ಮಿಬ್ಬರಲ್ಲೇ ಇರಲಿ.

ಕಾಲೇಜಿನ ಕೆಲಸಕ್ಕೆ ಆನ್‌ಲೈನಿನಲ್ಲಿ ಸಂದರ್ಶನ ಕೊಟ್ಟೆಯಲ್ಲ, ಅದು ಕೆಟ್ಟಿತೆಂದು ನೀನು ಮೊನ್ನೆ ಹೇಳಿದೆ. "ನೆಟ್ ಕೈ ಕೊಡ್ತಪ್ಪ, ಅವರಿಗಿ ನನ್ನ ಮಾರಿ ನಿಂತಲ್ಲೇ ನಿಂತಿತ್ತಂತ" ಅಂದೆ. ಅದು ಕೆಟ್ಟದ್ದು ನೆಟ್ಟಿನಿಂದಲ್ಲ ಮಗಳೇ, ನನ್ನಿಂದ. ಹೇಗೆಂದು ಹೇಳುತ್ತೇನೆ.

ನಿಮ್ಮ ಮನೆಯ ರೂಟರನ್ನು ಆರಿಸಿದವನು ನಾನೇ ತಾನೆ? ಸ್ಟೇಶನ್ ಬಜಾರದಲ್ಲಿ ಅಂಗಡಿ ಇಟ್ಟಿರುವ ನನ್ನ ಹಳೆಯ ಗೆಳೆಯ ಬುರ್ಹಾನುದ್ದೀನ್ ಅಂದು ಹೊಳೆಯುವ ಒಂದು ಡಬ್ಬಿ ತೋರಿಸಿ, "ಶಿವಶರಣ, ಆರು ಕೊಂಬು ಅದಾವ ನೋಡೋ, ಮನಿ ತುಂಬ ಸಿಗ್ನಲ್ ಬರ್ತದ" ಅಂದ. ನಾನು ಪಾಲಿಟೆಕ್ನಿಕ್ ಮೇಷ್ಟ್ರು, ಬಿಡುತ್ತೇನೆಯೇ? "ಕೊಂಬು ಎಣಿಸಿ ಎಮ್ಮಿ ತಗೋತಾರೇನೋ?" ಎಂದು ಅವನ ಬಾಯಿ ಮುಚ್ಚಿಸಿದೆ. ಒಳಗಿನ ಚಿಪ್ ಯಾವುದು, ಮೆಮೊರಿ ಎಷ್ಟಿದೆ, ಹೊರಗಿನ ಫರ್ಮ್‌ವೇರ್, ಅಂದರೆ ಡಬ್ಬಿಯನ್ನು ನಡೆಸುವ ತಂತ್ರಾಂಶ, ಅದಕ್ಕೆ ಒಗ್ಗುತ್ತದೆಯೇ ಎಂದು ನೋಡಿ, ಎರಡೇ ಆಂಟೆನಾದ, ಯಾರೂ ಮೂಸದ ಹಳೆಯ ಡಬ್ಬಿಯನ್ನು ತಂದೆ. ಕಂಪನಿ ತುಂಬಿ ಕೊಟ್ಟ ಫರ್ಮ್‌ವೇರ್ ಅಳಿಸಿ, ಎಲ್ಲರಿಗೂ ಮುಕ್ತವಾಗಿ ಸಿಗುವ ಬೇರೊಂದನ್ನು ಹಾಕಿದೆ. ಅದನ್ನು ಹಾಕಿದ ಮೇಲೆ ರೂಟರ್ ನಾವು ಹೇಳಿದಂತೆ ಕೇಳುತ್ತದೆ. ಯಾವ ಫೋನಿಗೆ ಎಷ್ಟು ನೆಟ್, ಯಾವ ಕಂಪ್ಯೂಟರಿಗೆ ಮೊದಲ ಪಾಳಿ ಎಂಬುದನ್ನೆಲ್ಲ ಕಾಲುವೆಯ ನೀರು ತಿರುಗಿಸಿದ ಹಾಗೆ ತಿರುಗಿಸಬಹುದು. ಮಾಡಿ ಮುಗಿಸಿದಾಗ ಎಷ್ಟು ಬೀಗಿದ್ದೆ ಅಂತೀ! ಕಾಲೋನಿಯ ಅರ್ಧ ಜನಕ್ಕೆ ಅದರ ಕಥೆ ಹೇಳಿದ್ದೆ.

ಎಡವಿದ್ದು ಅಲ್ಲಿಯೇ. ಅಳಿಯ ವಿವೇಕಾನಂದರು ಹೈದರಾಬಾದಿನ ಕಂಪನಿಯ ಲೆಕ್ಕಪತ್ರದ ಕೆಲಸವನ್ನು ಮನೆಯಿಂದಲೇ ಮಾಡುವವರು, ಕಮಲಾಪುರದ ಲೈನು ಬಡಕಲು. ಹಾಗಾಗಿ ಮುಕ್ಕಾಲು ಪಾಲನ್ನು ಅವರ ಕಂಪ್ಯೂಟರಿಗೆ ಮೀಸಲಿಟ್ಟೆ. ಅವರು ಬಳಸದಿದ್ದರೂ ಬೇರೆಯವರಿಗೆ ಸಿಗದಂತೆ ಬಿಗಿ ಮಾಡಿದೆ. ಉಳಿದದ್ದು ನಿನಗೆ. ಯಾರೂ ಕೇಳಿರಲಿಲ್ಲ, ವಿವೇಕಾನಂದರೂ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಅಳಿಯಂದಿರು ಉಂಡೆದ್ದ ಮೇಲೆ ತಾನೆ ಹೆಣ್ಣುಮಕ್ಕಳ ತಾಟು? ಅದೇ ಪದ್ಧತಿಯನ್ನು ಆ ಡಬ್ಬಿಯೊಳಗೂ ಒಯ್ದು ಕೂರಿಸಿದೆ. "ಅವರ ಕೆಲಸಕ್ಕ ತೊಂದ್ರಿ ಆಗಬಾರದವ್ವ" ಎಂದು ನಾನು ಅಂದದ್ದಕ್ಕೆ ನೀನು "ನಂದು ಕೆಲಸ ಅಲ್ಲೇನಪ್ಪ?" ಅಂದಿದ್ದೆ. ತಮಾಷೆ ಎಂದು ನಾನು ನಕ್ಕುಬಿಟ್ಟೆ.

ರಿಪೇರಿಗೆ ಬೇಕಾದೀತೆಂದು ನಿನ್ನ ರೂಟರನ್ನು ಇಲ್ಲಿಂದಲೇ ತೆರೆಯುವ ದಾರಿಯನ್ನು ನಾನು ಇಟ್ಟುಕೊಂಡಿದ್ದು ನಿನಗೆ ಗೊತ್ತು. ಮೊನ್ನೆ ನಿನ್ನ ಫೋನ್ ಬಂದ ಮೇಲೆ ತೆರೆದು ನೋಡಿದೆ. ಅಳಿಯಂದಿರ ಪಾಲು ಪೂರ್ತಿ ಖಾಲಿ ಬಿದ್ದಿತ್ತು. ಯಂತ್ರದ್ದೇ ದೋಷವೆಂದುಕೊಂಡು ಹಿಂದಿನ ತಿಂಗಳುಗಳ ಬಳಕೆ ನೋಡಿದೆ. ನಾಗರ ಪಂಚಮಿ ಕಳೆದಾಗಿನಿಂದ ಅವರ ಕಂಪ್ಯೂಟರೂ ಇಲ್ಲ, ಫೋನೂ ಇಲ್ಲ. ಆ ಮನೆಯಲ್ಲಿ ನೀನೊಬ್ಬಳೇ ಇದ್ದೀಯ.

ಫೋನ್ ಮಾಡಿದಾಗಲೆಲ್ಲ ನೀನು "ಅವರು ಮೀಟಿಂಗಿನ್ಯಾಗ ಅದಾರಪ್ಪ" ಅನ್ನುತ್ತಿದ್ದೆ. ದೀಪಾವಳಿಗೆ ಒಬ್ಬಳೇ ಬಂದು "ಅವರಿಗಿ ಆಡಿಟ್ ಅದ" ಅಂದೆ. ಅವ್ವ ಅಳಿಯಂದಿರಿಗೆಂದು ಕೊಟ್ಟ ಅಂಗಿಬಟ್ಟೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ನೀನು ಹೇಳದೆ ನಾನು ತಿಳಿಯಬಾರದಿದ್ದ ಸಂಗತಿ ಅದು. ಮಗಳ ಮನೆಯ ಕಿಟಕಿಯಲ್ಲಿ ಇಣುಕಿದ ಹಾಗಾಯಿತು, ನಾಚಿಕೆಯಾಗುತ್ತಿದೆ.

ಅದಕ್ಕಿಂತ ಹೆಚ್ಚಾಗಿ ಕಾಡುವುದು ಇನ್ನೊಂದು. ಇಷ್ಟು ತಿಂಗಳು ನೆಟ್ ನಿಧಾನವೆಂದು ನೀನು ಒಮ್ಮೆಯೂ ನನಗೆ ಹೇಳಲಿಲ್ಲ. ಹೇಳಿದ್ದರೆ ಇಲ್ಲಿ ಕೂತಲ್ಲೇ ಕ್ಷಣದಲ್ಲಿ ಸರಿಮಾಡುತ್ತಿದ್ದೆ. ಆದರೆ ಸರಿಮಾಡಲು ತೆರೆಯುತ್ತಿದ್ದೆ, ತೆರೆದರೆ ನೋಡಿಬಿಡುತ್ತಿದ್ದೆ. ಅದಕ್ಕೇ ನೀನು ಅಳಿದುಳಿದ ಆ ಪಾಲಿನಲ್ಲೇ ಪಾಠ ಮಾಡಿದೆ, ಅದರಲ್ಲೇ ಸಂದರ್ಶನಕ್ಕೂ ಕೂತೆ. ಹೆತ್ತ ಅಪ್ಪನಿಗೆ ಹೆದರಿ ಮುಚ್ಚಿಟ್ಟೆಯಲ್ಲವ್ವ! ನೀನು ಹೆದರುವಂಥವನು ನಾನು ಯಾವಾಗ ಆದೆನೋ ಎಂದು ಕೂತು ಯೋಚಿಸುತ್ತಿದ್ದೇನೆ.

ಎಲ್ಲ ಮಿತಿಗಳನ್ನೂ ತೆಗೆದುಹಾಕಿದ್ದೇನೆ, ಲೈನು ಪೂರ್ತಿ ನಿನ್ನದು. ನಾನು ಒಳಬರುವ ದಾರಿಯನ್ನೂ ಮುಚ್ಚಿದ್ದೇನೆ. ಇನ್ನು ರಿಪೇರಿ ಇದ್ದರೆ ನೀನೇ ಕರೆಯಬೇಕು. ಕಾಲೇಜಿನವರಿಗೆ ಬರೆದು ಇನ್ನೊಂದು ಅವಕಾಶ ಕೇಳು. ತಪ್ಪು ನಿನ್ನದಲ್ಲ, ಕೇಳಲು ಸಂಕೋಚ ಬೇಡ.

ಅವ್ವ ನಿನ್ನ ರೊಟ್ಟಿಯ ಜೊತೆಗೆಂದು ಶೇಂಗಾ ಹಿಂಡಿ ಕುಟ್ಟಿಟ್ಟಿದ್ದಾಳೆ, ನಿನ್ನನ್ನು ದಿನಾ ನೆನೆಯುತ್ತಾಳೆ. ಮೈ ಕಡೆ ಲಕ್ಷ್ಯವಿರಲಿ, ನಿನಗೆ ಒಳ್ಳೆಯದಾಗಲಿ.

ನಿನ್ನ ಅಪ್ಪ
ಶಿವಶರಣ

ತಾ.ಕ.: ಅವ್ವ ಬಾಗಿಲಿಗೆ ಬಂದಳು, ಬೇಗ ಬರೆಯುತ್ತೇನೆ. ಶ್ರಾವಣದಲ್ಲಿ ಬಂದಾಗ ನೀನು ಏನೋ ಹೇಳಲು ಬಾಯಿ ತೆರೆದಿದ್ದೆ. ನಾನು ಕೇಳಿಸಿಕೊಳ್ಳುವ ಮೊದಲೇ "ಹೊಂದಿಕೊಂಡು ಹೋಗಬೇಕವ್ವ" ಅಂದುಬಿಟ್ಟೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅವ್ವನಿಗೆ ರೂಟರ್ ರಿಪೇರಿ ಎಂದಿದ್ದೇನೆ. ನೀನು ಹೇಳಿದರೆ ಕೇಳುತ್ತೇನೆ, ಹೇಳದಿದ್ದರೆ ಚಹಾ ಕುಡಿದು ಎದ್ದು ಬರುತ್ತೇನೆ. ಇಲ್ಲಿ ಮಹಡಿಯ ಕೋಣೆಗೂ ಒಂದು ರೂಟರ್ ಹಾಕಿ, ಮೇಜನ್ನು ಬೆಳಕಿಗೆ ಎಳೆದಿಟ್ಟಿದ್ದೇನೆ. ನನ್ನ ಜೊತೆ ಹೊರಟು ಬಂದರೆ ನಿನ್ನ ಟ್ಯೂಷನ್ ಒಂದು ದಿನವೂ ತಪ್ಪುವುದಿಲ್ಲ. "ಎಷ್ಟು ದಿನಕ್ಕ ಬಂದೀಬೇ" ಎಂದು ಓಣಿಯವರು ಕೇಳಿಯೇ ಕೇಳುತ್ತಾರೆ. ಅವರಿಗೆ ಉತ್ತರ ನಾನು ಕೊಡುತ್ತೇನೆ.